ವಿಧವೆಯರ ಬಳೆ ಒಡೆಯುವ ಪದ್ಧತಿ ನಿಲ್ಲಿಸಲು ಗ್ರಾಮ ಪಂಚಾಯಿತಿಯಲ್ಲಿ ಠರಾವು ಪಾಸು ಮಾಡಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

2022ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ ಒಂದು ಠರಾವು ಪಾಸು ಮಾಡಿತು. ಗಂಡ ತೀರಿಕೊಂಡಾಗ ಹೆಂಡತಿಯ ಬಳೆ ಒಡೆಯುವುದು, ಹಣೆಯ ಕುಂಕುಮ ಅಳಿಸುವುದು, ತಾಳಿ ಕಾಲುಂಗುರ ತೆಗೆಯುವುದು ನಮ್ಮೂರಲ್ಲಿ ಇನ್ನು ಬೇಡ ಎಂಬ ಠರಾವು. ಕೊರೊನಾದಲ್ಲಿ ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರ ಪಾಡು ಆಗಿನ್ನೂ ಎಲ್ಲರ ಕಣ್ಣ ಮುಂದೆ ಇತ್ತು. ಎರಡು ವಾರ ಕಳೆಯುವಷ್ಟರಲ್ಲಿ ಮಹಾರಾಷ್ಟ್ರ ಸರ್ಕಾರ ಸುತ್ತೋಲೆ ಹೊರಡಿಸಿ, ಉಳಿದ ಪಂಚಾಯಿತಿಗಳೂ ಹೇರವಾಡದ ಹಾದಿ ಹಿಡಿಯಲಿ ಎಂದು ಹೇಳಿತು.

ಹೇರವಾಡ ಇರುವ ಶಿರೋಳ ತಾಲೂಕು ನಮ್ಮ ಬೆಳಗಾವಿ ಜಿಲ್ಲೆಗೆ ಅಂಟಿಕೊಂಡೇ ಇದೆ. ಗಡಿಯ ಈಚೆಗೂ ಅದೇ ಪದ್ಧತಿ ಇದೆ. ಹಾಗಾದರೆ ನಮ್ಮೂರಲ್ಲೂ ಇಂಥದೊಂದು ಠರಾವು ಯಾಕಾಗಬಾರದು ಎಂದು ಕೇಳುವ ಹುಡುಗರು, ಹೆಣ್ಣುಮಕ್ಕಳು, ಮೇಷ್ಟ್ರುಗಳು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಈ ಬರಹ ಅವರಿಗಾಗಿ. ಬಾಲ್ಯವಿವಾಹ, ಮದ್ಯದಂಗಡಿ, ಸ್ಮಶಾನದ ಜಾಗ, ಇನ್ನಾವುದೇ ವಿಷಯಕ್ಕೆ ಠರಾವು ಬೇಕಿದ್ದರೂ ದಾರಿ ಹೆಚ್ಚುಕಡಿಮೆ ಇದೇ.

ಠರಾವು ಪಾಸು ಮಾಡಿಸುವುದು ಕಷ್ಟವಲ್ಲ. ನಡಾವಳಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆಸಿ, ಫೋಟೊ ತೆಗೆಸಿಕೊಂಡು ಪೇಪರಿಗೆ ಕೊಟ್ಟರೆ ಮುಗಿಯಿತು. ಆದರೆ ಮುಂದಿನ ಸಾವಿನ ಮನೆಯಲ್ಲಿ ಬಳೆ ಒಡೆಯುವವರ ಕೈ ಅದರಿಂದ ತಡೆಯುತ್ತದಾ? ತಡೆಯಬೇಕಾದರೆ ಎರಡು ಸಂಗತಿ ಬೇಕು. ಗಂಡನನ್ನು ಕಳೆದುಕೊಂಡವರೇ ಅದನ್ನು ಬರೆಸಿರಬೇಕು. ಪಂಚಾಯಿತಿ ನಿಜಕ್ಕೂ ಮಾಡಬಹುದಾದ ಕೆಲಸ ಅದರಲ್ಲಿ ಇರಬೇಕು.

ಮೊದಲು ಅವರ ಮಾತು ಕೇಳಿ

ಪಂಚಾಯಿತಿ ಆಫೀಸಿಗೆ ಹೋಗುವ ಮುಂಚೆ ಊರಿನ ವಿಧವೆಯರ ಮನೆಗೆ ಹೋಗಿ. ಒಬ್ಬರೇ ಗಂಡಸರು ಹೋಗಬೇಡಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಅಥವಾ ಸ್ವಸಹಾಯ ಸಂಘದ ಯಾರಾದರೂ ಮುಂದೆ ಇರಲಿ. ಯಾರ ಮನೆಯಲ್ಲಿ ಏನಾಗಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಅರ್ಜಿ ಫಾರಂ ಹಿಡಿದು ಕೂರಬೇಡಿ, ಸುಮ್ನೆ ಮಾತಾಡಿಸಿ. ಆ ದಿನ ಏನು ಮಾಡಿದರು, ಯಾರು ಮಾಡಿದರು, ಬೇಡ ಅಂದಿದ್ದರೂ ಕೇಳಲಿಲ್ಲವಾ? ಆಮೇಲೆ ಮದುವೆಗೆ, ಸೀಮಂತಕ್ಕೆ, ಉಡಿ ತುಂಬುವುದಕ್ಕೆ ಕರೆಯುತ್ತಾರಾ? ಮನೆ ಯಾರ ಹೆಸರಿನಲ್ಲಿದೆ? ವಿಧವಾ ವೇತನ ಬರುತ್ತಿದೆಯಾ?

ಈ ಮಾತುಕತೆಯಲ್ಲಿ ನೀವು ಅಂದುಕೊಂಡಿರದ ಸಂಗತಿಗಳು ಹೊರಬರುತ್ತವೆ. ಬಳೆ ಕುಂಕುಮದ ನೋವು ಒಂದು ಕಡೆ ಇರುತ್ತದೆ. ಅದರ ಹಿಂದೆಯೇ, ಗಂಡ ಹೋದ ಮೇಲೆ ಜಮೀನಿನ ಪೌತಿ ಖಾತೆ (ತೀರಿಕೊಂಡವರ ಹೆಸರಿನ ದಾಖಲೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು) ಮೈದುನನ ಹೆಸರಿಗೆ ಆಗಿಬಿಟ್ಟಿದೆ, ಮರಣ ಪ್ರಮಾಣಪತ್ರ ಇಲ್ಲದೆ ಬ್ಯಾಂಕಿನಲ್ಲಿ ದುಡ್ಡು ಸಿಕ್ಕಿಲ್ಲ, ಮಗಳ ಮದುವೆಯಲ್ಲಿ ಧಾರೆ ಎರೆಯಲು ಬಿಡಲಿಲ್ಲ ಎಂಬ ಮಾತುಗಳೂ ಬರುತ್ತವೆ. ಇವೆಲ್ಲ ನಿಮ್ಮ ಠರಾವಿಗೆ ಬೇಕು. ಹೆಸರು ಬರೆದುಕೊಳ್ಳಬೇಡಿ. ಅವರೇ ಹೇಳಿ ಅಂದ ಹೊರತು ಯಾರ ಕಥೆಯನ್ನೂ ಸಭೆಯಲ್ಲಿ ಎತ್ತಬೇಡಿ. ಹಳ್ಳಿಯಲ್ಲಿ ಹೆಸರು ಹೇಳದಿದ್ದರೂ ಯಾರು ಎಂದು ಗುರುತು ಹಿಡಿಯುತ್ತಾರೆ, ಅದರ ಬಗ್ಗೆಯೂ ಎಚ್ಚರ ಇರಲಿ.

ಕೆಲವರು 'ನನಗೆ ಇದೆಲ್ಲ ಬೇಡಪ್ಪ, ನಾನು ಹೀಗೇ ಇರುತ್ತೇನೆ' ಎನ್ನುತ್ತಾರೆ. ಅವರ ಮಾತಿಗೂ ಬೆಲೆ ಕೊಡಿ. ಗಂಡ ಹೋದ ದುಃಖದಲ್ಲಿ ತಾನಾಗಿ ತಾಳಿ ತೆಗೆದಿಟ್ಟವಳನ್ನು ತಪ್ಪಿತಸ್ಥೆ ಮಾಡುವ ಠರಾವು ಯಾರಿಗೂ ಬೇಡ.

ಪಂಚಾಯಿತಿಗೆ ಏನು ಅಧಿಕಾರ ಇದೆ, ಏನಿಲ್ಲ

ಸಭೆಯಲ್ಲಿ ಖಂಡಿತ ಬರುವ ಮೊದಲ ಪ್ರಶ್ನೆ: 'ಇದು ಪಂಚಾಯಿತಿ ಕೆಲಸಾನಾ? ನಮಗೆ ರಸ್ತೆ, ಚರಂಡಿ, ನೀರು ನೋಡಿಕೊಳ್ಳೋದೇ ಸಾಕಾಗಿದೆ.' ಉತ್ತರ ಸಿದ್ಧ ಇಟ್ಟುಕೊಳ್ಳಿ.

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರ ಜೊತೆ ಬಂದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. 25ನೆಯದು ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, 26ನೆಯದು ಸಮಾಜ ಕಲ್ಯಾಣ. ಸಂವಿಧಾನದ 51ಎ ವಿಧಿ ನಾಗರಿಕರ ಮೂಲಭೂತ ಕರ್ತವ್ಯಗಳನ್ನು ಹೇಳುತ್ತದೆ. ಹೆಣ್ಣಿನ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡಬೇಕು ಎಂಬುದು ಅದರಲ್ಲೊಂದು. ಸಾಮಾಜಿಕ ನ್ಯಾಯಕ್ಕೆ ಅಂತಲೇ ಪಂಚಾಯಿತಿಯಲ್ಲಿ ಒಂದು ಸ್ಥಾಯಿ ಸಮಿತಿ ಇರುತ್ತದೆ. ಇಷ್ಟು ಹೇಳಿದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೂಡ ಇದು ನಮ್ಮ ವ್ಯಾಪ್ತಿಗೆ ಬರಲ್ಲ ಎನ್ನುವುದು ಕಷ್ಟ.

ಇನ್ನು ಇಲ್ಲದ ಅಧಿಕಾರ. ಈ ಠರಾವಿನ ಮೇಲೆ ಯಾರಿಗೂ ದಂಡ ಹಾಕುವಂತಿಲ್ಲ. 'ಬಳೆ ಒಡೆದರೆ 5,000 ರೂಪಾಯಿ ದಂಡ, ನೀರಿನ ನಲ್ಲಿ ಕಟ್, ರೇಷನ್ ಬಂದ್' ಎಂದೆಲ್ಲ ಉತ್ಸಾಹದಲ್ಲಿ ಬರೆಯಲು ಹೋಗುವವರು ಇರುತ್ತಾರೆ. ದಯವಿಟ್ಟು ತಡೆಯಿರಿ. ಬಹಿಷ್ಕಾರದ ಮಾತಂತೂ ಬರಲೇಬಾರದು. ಕಾನೂನು ಮೀರಿದ ಠರಾವನ್ನು ಮೇಲಧಿಕಾರಿಗಳು ತಡೆಹಿಡಿಯಬಹುದು. ಒಮ್ಮೆ ಹಾಗಾದರೆ ವಿರೋಧಿಗಳಿಗೆ ಹಬ್ಬ. ಅದಕ್ಕಿಂತ ಮುಖ್ಯವಾಗಿ, ಒಂದು ಹಿಂಸೆ ನಿಲ್ಲಿಸಲು ಹೊರಟು ಸಾವಿನ ಮನೆಯವರಿಗೆ ಇನ್ನೊಂದು ಹಿಂಸೆ ಕೊಡುವುದು ತಪ್ಪು.

ಹಾಗಾದರೆ ಪಂಚಾಯಿತಿ ಏನು ಮಾಡಬಹುದು? ತುಂಬ ಇದೆ. ಗ್ರಾಮಠಾಣಾ (ಊರಿನ ವಾಸದ ಜಾಗ) ಒಳಗಿನ ಮನೆಯ ಖಾತೆ ಬದಲಾವಣೆ, ಇ-ಸ್ವತ್ತು ಎಂಬ ಆನ್‌ಲೈನ್ ಆಸ್ತಿ ದಾಖಲೆ ಅದರ ಕೈಯಲ್ಲೇ ಇದೆ. ವಸತಿ ಯೋಜನೆಗೆ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲೇ ಆಗುತ್ತದೆ. ಪಿಂಚಣಿ ಅರ್ಜಿ ನಾಡಕಚೇರಿಗೆ ಹೋದರೂ ಅದನ್ನು ತುಂಬಿಸಿ ಕಳಿಸುವ ಕೆಲಸಕ್ಕೆ ಪಂಚಾಯಿತಿ ಒಬ್ಬರನ್ನು ನೇಮಿಸಬಹುದು. ಪಂಚಾಯಿತಿ ನಡೆಸುವ ಕಾರ್ಯಕ್ರಮಗಳಲ್ಲಿ ದೀಪ ಹಚ್ಚಲು, ಆರತಿ ಎತ್ತಲು ವಿಧವೆಯರನ್ನೂ ಕರೆಯುತ್ತೇವೆ ಎಂದು ತೀರ್ಮಾನಿಸಬಹುದು.

ಕರಡು: ಇಲ್ಲಿ ಸಮಯ ಕೊಡಿ

ನೀವು ಕರಡು ಬರೆದು ಕೊಡದಿದ್ದರೆ ನಡಾವಳಿಯಲ್ಲಿ ಬರುವ ಸಾಲು ಹೀಗಿರುತ್ತದೆ: 'ಸದರಿ ವಿಷಯದ ಬಗ್ಗೆ ಸುದೀರ್ಘವಾಗಿ ಚರ್ಚಿಸಿ, ಮುಂದಿನ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.' ಯಾವ ಕ್ರಮ, ಯಾರು, ಯಾವಾಗ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಕರಡನ್ನು ನೀವೇ ಸಿದ್ಧ ಮಾಡಿ. ಒಂದು ಪುಟ ಮೀರದಿರಲಿ. ಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಮೂಲೆಯಲ್ಲಿ ಕುಳಿತ ಅಜ್ಜಿಗೂ ಅರ್ಥ ಆಗುವಂತೆ ಇರಲಿ.

'ನಿಷೇಧಿಸಲಾಗಿದೆ' ಎಂಬುದಕ್ಕಿಂತ 'ಯಾರೂ ಒತ್ತಾಯ ಮಾಡಬಾರದು' ಎಂದು ಬರೆಯುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ನಿಷೇಧ ಅಂದ ಕೂಡಲೇ ಜನ ಶಿಕ್ಷೆ ಏನು ಎಂದು ಕೇಳುತ್ತಾರೆ, ಶಿಕ್ಷೆ ಇಲ್ಲ ಅಂದರೆ ನಗುತ್ತಾರೆ. ಒತ್ತಾಯ ಬೇಡ ಎಂದರೆ ತೀರ್ಮಾನ ಆ ಹೆಣ್ಣಿನ ಕೈಗೆ ಬರುತ್ತದೆ. ಬಳೆ ಇರಬೇಕೋ ಬೇಡವೋ ಅವಳು ಹೇಳಲಿ. 'ನಾವು ಸಂಪ್ರದಾಯ ಅಳಿಸಲು ಬಂದಿಲ್ಲ, ಅವಳನ್ನು ಕೇಳಿ ಮಾಡಿ ಅಂತಿದ್ದೇವೆ' ಎಂದರೆ ಎದುರು ಮಾತಾಡುವವರು ಕಡಿಮೆ ಆಗುತ್ತಾರೆ.

ಒಂದು ಮಾದರಿ ಕೊಡುತ್ತೇನೆ. ನಿಮ್ಮೂರಿಗೆ ತಕ್ಕಂತೆ ತಿದ್ದಿಕೊಳ್ಳಿ.

> ವಿಷಯ: ಗಂಡನನ್ನು ಕಳೆದುಕೊಂಡ ಮಹಿಳೆಯರ ಘನತೆ ಮತ್ತು ಹಕ್ಕು ಕಾಪಾಡುವ ಬಗ್ಗೆ.
>
> ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಗಂಡ ಮೃತಪಟ್ಟಾಗ ಪತ್ನಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಮತ್ತು ಕಾಲುಂಗುರ ತೆಗೆಯುವುದನ್ನು ಆಕೆಯ ಇಷ್ಟಕ್ಕೆ ವಿರುದ್ಧವಾಗಿ ಯಾರೂ ಮಾಡಬಾರದು, ಮಾಡುವಂತೆ ಒತ್ತಾಯಿಸಬಾರದು ಎಂದು ಸಭೆ ಊರಿನ ಎಲ್ಲ ಜನರಲ್ಲಿ ಕೇಳಿಕೊಳ್ಳುತ್ತದೆ.
>
> ಮದುವೆ, ಹಬ್ಬ, ಜಾತ್ರೆ ಮತ್ತು ಶುಭಕಾರ್ಯಗಳಲ್ಲಿ ಅವರನ್ನು ದೂರ ಇಡಬಾರದು. ಪಂಚಾಯಿತಿ ನಡೆಸುವ ಎಲ್ಲ ಕಾರ್ಯಕ್ರಮಗಳಲ್ಲಿ ಅವರಿಗೂ ಸಮಾನ ಸ್ಥಾನ ಕೊಡಲಾಗುವುದು.
>
> ಮರಣದ ಸುದ್ದಿ ತಿಳಿದ 15 ದಿನದೊಳಗೆ ಪಂಚಾಯಿತಿ ಗೊತ್ತುಪಡಿಸಿದ ಸಿಬ್ಬಂದಿ ಆ ಮನೆಗೆ ಹೋಗಿ ಮರಣ ಪ್ರಮಾಣಪತ್ರ, ವಿಧವಾ ವೇತನ, ಪೌತಿ ಖಾತೆ, ಮನೆ ಖಾತೆ ಬದಲಾವಣೆಯ ಅರ್ಜಿಗಳಿಗೆ ನೆರವು ನೀಡುವುದು.
>
> ಈ ಠರಾವಿನ ಪಾಲನೆಯ ವರದಿಯನ್ನು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಪ್ರತಿ ಗ್ರಾಮಸಭೆಯಲ್ಲಿ ಓದುವುದು.

ಮೂರನೇ ಪ್ಯಾರಾ ಬಿಟ್ಟುಕೊಡಬೇಡಿ. ಚೌಕಾಸಿಯಲ್ಲಿ ಮೊದಲು ಬಿದ್ದುಹೋಗುವುದು ಅದೇ, ಯಾಕೆಂದರೆ ಅದರಲ್ಲಿ ನಿಜವಾದ ಕೆಲಸ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಮೊದಲ ವರ್ಗದ ವಾರಸುದಾರರು. ಹೆಂಡತಿಗೆ ಮಗನಷ್ಟೇ ಪಾಲು. ಆಮೇಲೆ ಮರುಮದುವೆ ಆದರೂ ಬಂದ ಪಾಲು ಹೋಗುವುದಿಲ್ಲ. ಇದು ಎಷ್ಟೋ ಜನ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ. ಗೊತ್ತಿದ್ದರೂ ತಿಥಿ ಮುಗಿಯುವ ಮೊದಲೇ ಗಂಡನ ಮನೆಯವರು ಬಿಳಿ ಹಾಳೆಗೆ ಹೆಬ್ಬೆಟ್ಟು ಹಾಕಿಸಿಕೊಂಡಿರುತ್ತಾರೆ. ಕೈಗೆ ಬಳೆ ಉಳಿದು ಮನೆ ಹೋದರೆ ಏನು ಬಂತು?

ಜೊತೆಗೆ ಯಾರಿರಬೇಕು

ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಮೊದಲು ಆ ಸದಸ್ಯೆಯರ ಮನೆಗೆ ಹೋಗಿ. ಅವರ ಗಂಡಂದಿರ ಹತ್ತಿರ ಅಲ್ಲ, ಅವರ ಹತ್ತಿರವೇ ಮಾತಾಡಿ. ಠರಾವಿನ ಸೂಚಕರು ಒಬ್ಬ ಮಹಿಳಾ ಸದಸ್ಯೆ, ಅನುಮೋದಕರು ಇನ್ನೊಂದು ವಾರ್ಡಿನ, ಇನ್ನೊಂದು ಗುಂಪಿನ ಸದಸ್ಯರು ಆಗಿದ್ದರೆ ಒಳ್ಳೆಯದು. ಒಂದೇ ಪಾರ್ಟಿಯವರು ತಂದದ್ದು ಅನ್ನಿಸಿದರೆ ಇನ್ನೊಂದು ಪಾರ್ಟಿ ಸುಮ್ಮನೆ ವಿರೋಧಿಸುತ್ತದೆ.

ಊರಿನ ಸ್ವಸಹಾಯ ಸಂಘಗಳೆಲ್ಲ ಸೇರಿದ ಸಂಜೀವಿನಿ ಒಕ್ಕೂಟ ನಿಮಗೆ ದೊಡ್ಡ ಬಲ. ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಕರಡನ್ನು ಓದಿಸಿ. ಅಲ್ಲಿ ಬರುವ ತಿದ್ದುಪಡಿಗಳನ್ನು ಸೇರಿಸಿಕೊಳ್ಳಿ. ನಮ್ಮ ಮಾತು ಇದರಲ್ಲಿದೆ ಎಂದು ಅನ್ನಿಸಿದರೆ ಗ್ರಾಮಸಭೆಗೆ ಅವರು ಬಂದೇ ಬರುತ್ತಾರೆ.

ಆಮೇಲೆ ಊರ ಹಿರಿಯರು, ದೈವದವರು, ಮಠದ ಸ್ವಾಮೀಜಿ, ಮಸೀದಿ ಕಮಿಟಿ, ಪೂಜಾರಿ. ಇವರನ್ನು ಬಿಟ್ಟು ಠರಾವು ಮಾಡಿದರೆ ಅದು ಆಫೀಸಿನಲ್ಲೇ ಉಳಿಯುತ್ತದೆ. ಇವರ ಎದುರು ವಾದ ಗೆಲ್ಲುವ ಹಟ ಬೇಡ. ನಮ್ಮ ನೆಲದಲ್ಲೇ ಇರುವ ಉದಾಹರಣೆ ಹೇಳಿ. ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ವಿಧವೆಗೆ ಉಡಿಕೆ ಮಾಡಿ ಮತ್ತೆ ಸಂಸಾರ ಕಟ್ಟಿಕೊಡುವ ಪದ್ಧತಿ ಹಿಂದಿನಿಂದ ಇತ್ತು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ 2013ರಲ್ಲಿ ವಿಧವೆಯರನ್ನೇ ಅರ್ಚಕರಾಗಿ ನೇಮಿಸಿದರು. ಅಂದರೆ ನಾವು ಕೇಳುತ್ತಿರುವುದು ಹೊರಗಿನಿಂದ ತಂದದ್ದಲ್ಲ.

ಸಾವಿನ ಮನೆಯಲ್ಲಿ ಬಳೆ ಒಡೆಯಲು ಮುಂದೆ ನಿಲ್ಲುವವರು ಹೆಚ್ಚಾಗಿ ಕೇರಿಯ ಹಿರಿಯ ಹೆಂಗಸರೇ. ಅವರಲ್ಲಿ ಎಷ್ಟೋ ಜನ ಸ್ವತಃ ಅದನ್ನು ಅನುಭವಿಸಿದವರು. ಅವರನ್ನು ಬೈಯಬೇಡಿ. 'ಅವ್ವ, ನಿಮಗೆ ಮಾಡಿದ್ದು ನಿಮ್ಮ ಸೊಸೆಗೆ ಬೇಡ ಅಲ್ವಾ?' ಎಂದು ಕೇಳಿ ನೋಡಿ. ಇವರಲ್ಲಿ ಒಬ್ಬರು ಒಪ್ಪಿಕೊಂಡರೂ ಹತ್ತು ಭಾಷಣಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ.

ಅರ್ಜಿ ಮತ್ತು ಅಜೆಂಡಾ

ಅಧ್ಯಕ್ಷರಿಗೆ ಒಂದು ಅರ್ಜಿ ಬರೆಯಿರಿ, ಪ್ರತಿ ಪಿಡಿಒಗೆ. ಕರಡನ್ನು ಲಗತ್ತಿಸಿ. ಸಹಿ ಮಾಡಿದವರ ಹೆಸರಿನ ಮುಂದೆ ವಾರ್ಡ್ ನಂಬರ್ ಬರೆಸಿ, ಇವರೆಲ್ಲ ಇಲ್ಲಿನ ಮತದಾರರು ಎಂದು ಗೊತ್ತಾಗಲಿ. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಸ್ವೀಕೃತಿ ನಂಬರ್ ಹಾಕಿಸಿಕೊಳ್ಳದೆ ಆಫೀಸಿನಿಂದ ಹೊರಬರಬೇಡಿ. ಬಾಯಿಮಾತಿನಲ್ಲಿ 'ಆಯ್ತು ಬಿಡಿ, ಇಡೋಣ' ಎಂದರೆ ಅದು ಲೆಕ್ಕಕ್ಕಿಲ್ಲ.

ಸಭೆಯ ನೋಟಿಸ್ ಬಂದ ದಿನವೇ ಅಜೆಂಡಾ ನೋಡಿ. ನಿಮ್ಮ ವಿಷಯಕ್ಕೆ ಅದರದೇ ಸಂಖ್ಯೆ ಇರಬೇಕು. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು' ಎಂಬ ಕೊನೆಯ ಸಾಲಿನಲ್ಲಿ ಸೇರಿಸುತ್ತೇವೆ ಎಂದರೆ ಒಪ್ಪಬೇಡಿ. ಅಲ್ಲಿಗೆ ಬರುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ.

ವಾರ್ಡ್ ಸಭೆ, ಗ್ರಾಮಸಭೆ

ನೇರವಾಗಿ ಸದಸ್ಯರ ಸಭೆಗೆ ಹೋಗುವುದಕ್ಕಿಂತ ಕೆಳಗಿನಿಂದ ಬನ್ನಿ. ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಎಂದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಹೇಳುತ್ತದೆ. ಗ್ರಾಮಸಭೆಗೆ ಮೊದಲು ಮಹಿಳಾ ಗ್ರಾಮಸಭೆ ನಡೆಸುವ ಕ್ರಮವೂ ನಮ್ಮಲ್ಲಿದೆ. ಈ ವಿಷಯವನ್ನು ಮೊದಲು ಎತ್ತಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗಂಡಸರ ಎದುರು ಬಾಯಿ ಬಿಡದವರು ಅಲ್ಲಿ ಮಾತಾಡುತ್ತಾರೆ. ಅಲ್ಲಿ ಒಪ್ಪಿಗೆ ಪಡೆದು, 'ಮಹಿಳಾ ಗ್ರಾಮಸಭೆಯ ಶಿಫಾರಸು' ಎಂದು ದೊಡ್ಡ ಗ್ರಾಮಸಭೆಗೆ ತನ್ನಿ.

ಗ್ರಾಮಸಭೆಯ ದಿನದ ಲಯ ಗೊತ್ತಿರಲಿ. ಮನೆ ಹಂಚಿಕೆ ಪಟ್ಟಿ ಓದುವವರೆಗೂ ಜನ ತುಂಬಿರುತ್ತಾರೆ. ಪಟ್ಟಿ ಮುಗಿಯಿತೋ, ಗಲಾಟೆ, ಆಮೇಲೆ ಖಾಲಿ ಕುರ್ಚಿ. ಆದ್ದರಿಂದ ನಿಮ್ಮ ವಿಷಯ ಪಟ್ಟಿಗಿಂತ ಮೊದಲು ಬರಲಿ ಎಂದು ಅಧ್ಯಕ್ಷರ ಹತ್ತಿರ ಮುಂಚೆಯೇ ಮಾತಾಡಿಕೊಳ್ಳಿ. ಸಭೆ ನಡೆಸಿಕೊಡಲು ಬರುವ ನೋಡಲ್ ಅಧಿಕಾರಿಗೂ ಕರಡಿನ ಒಂದು ಪ್ರತಿ ಕೊಟ್ಟಿರಿ. ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ) ಇಲ್ಲ ಎಂದು ಸಭೆ ಮುಂದೂಡಿದರೆ ನಿಮ್ಮ ಶ್ರಮ ವ್ಯರ್ಥ. ಪ್ರತಿ ಕೇರಿಯಿಂದ ಜನರನ್ನು ಕರೆತರುವ ಜವಾಬ್ದಾರಿಯನ್ನು ಒಬ್ಬೊಬ್ಬರಿಗೆ ಹಂಚಿ. ಕೂಲಿಗೆ ಹೋಗುವವರಿಗೆ ಒಂದು ದಿನದ ದುಡಿಮೆ ತಪ್ಪುತ್ತದೆ, ಅದನ್ನು ನೆನಪಿಟ್ಟುಕೊಂಡು ಸಭೆಯ ಹೊತ್ತು ಗೊತ್ತುಮಾಡಲು ಕೇಳಿ.

ಮಾತಾಡುವವರು ಮೂವರು ಸಾಕು. ಒಬ್ಬರು ಕರಡು ಓದಲಿ. ಒಬ್ಬ ವಿಧವೆ, ಮನಸ್ಸಿದ್ದರೆ ಮಾತ್ರ, ತನ್ನ ಮಾತು ಹೇಳಲಿ. ಒಬ್ಬ ಹಿರಿಯರು ಬೆಂಬಲ ಕೊಡಲಿ. ಗಲಾಟೆ ಎದ್ದರೆ ಕೂಗಾಡಬೇಡಿ. ಮುಂದಿನ ಸಭೆಗೆ ಇಡೋಣ ಎಂದು ಯಾರಾದರೂ ಜಾರಿಕೊಳ್ಳಲು ನೋಡಿದರೆ, 'ಹಾಗಾದರೆ ಮುಂದೂಡಿದ ಕಾರಣವನ್ನು ನಡಾವಳಿಯಲ್ಲಿ ಬರೆಯಿರಿ' ಎಂದು ಕೇಳಿ. ಬರೆಯಬೇಕು ಅಂದ ಕೂಡಲೇ ಎಷ್ಟೋ ಸಲ ಮಾತು ಬದಲಾಗುತ್ತದೆ.

ತೀರ್ಮಾನ ಆದ ಮೇಲೆ ಅಲ್ಲಿಯೇ, ಎಲ್ಲರ ಎದುರು, ನಡಾವಳಿಯಲ್ಲಿ ಬರೆದದ್ದನ್ನು ಓದಿಸಿ. ಕರಡಿನ ಪದಗಳು ಹಾಗೇ ಇವೆಯಾ ನೋಡಿ. ಖಾಲಿ ಪುಟಕ್ಕೆ ಸಹಿ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಹಾಜರಿ ಪುಸ್ತಕ ಎಂದು ಕೊಟ್ಟ ಹಾಳೆಯ ಮೇಲೆ ಶೀರ್ಷಿಕೆ, ತಾರೀಖು ಇದೆಯಾ ಎಂದು ನೋಡಿಯೇ ಹೆಸರು ಬರೆಯಿರಿ.

ಸದಸ್ಯರ ಸಾಮಾನ್ಯ ಸಭೆ

ಗ್ರಾಮಸಭೆ ಒಪ್ಪಿದ್ದನ್ನು ಪಂಚಾಯಿತಿ ಸಾಮಾನ್ಯ ಸಭೆಗೆ ತಂದು ಠರಾವು ಮಾಡಿಸಬೇಕು. ಇಲ್ಲಿ ಮತ ಸದಸ್ಯರದ್ದು ಮಾತ್ರ. ಹಿಂದಿನ ವಾರವೇ ಪ್ರತಿಯೊಬ್ಬ ಸದಸ್ಯರನ್ನೂ ಕಂಡು ಮಾತಾಡಿ, ವಿರೋಧ ಇರುವವರನ್ನೂ. ಅಧ್ಯಕ್ಷರು ಎಳೆದಾಡುತ್ತಿದ್ದರೆ, ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಬರಹದಲ್ಲಿ ಕೇಳಿ ವಿಶೇಷ ಸಭೆ ಕರೆಸಬಹುದು. ಸರ್ವಾನುಮತ ಸಿಕ್ಕರೆ ಚೆನ್ನ, ಸಿಗಲೇಬೇಕೆಂದಿಲ್ಲ. ಎಲ್ಲರನ್ನೂ ಒಪ್ಪಿಸಲು ಹೋಗಿ ಕರಡನ್ನು ನೀರು ಮಾಡುವುದಕ್ಕಿಂತ ಬಹುಮತದ ಗಟ್ಟಿ ಠರಾವು ಲೇಸು.

ಪಂಚಾಯಿತಿ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಹೊತ್ತಾದರೆ ಗ್ರಾಮಸಭೆಯ ತೀರ್ಮಾನವನ್ನೇ ಗಟ್ಟಿ ಮಾಡಿಟ್ಟುಕೊಂಡು, ಹೊಸ ಸದಸ್ಯರು ಬಂದ ಮೊದಲ ಸಭೆಗೆ ಒಯ್ಯಿರಿ. ಚುನಾವಣೆಗೆ ನಿಂತವರಿಂದ ಮಾತು ತೆಗೆದುಕೊಳ್ಳಲು ಅದು ಒಳ್ಳೆಯ ಸಮಯ ಕೂಡ.

ಪಾಸಾದ ಮೇಲೆ

ದೃಢೀಕೃತ ಪ್ರತಿ ಪಡೆಯಿರಿ. ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಠರಾವನ್ನು ಪಂಚಾಯಿತಿ ಗೋಡೆ, ಗ್ರಂಥಾಲಯ, ಹಾಲಿನ ಡೇರಿ, ದೇವಸ್ಥಾನದ ಕಟ್ಟೆ, ಸ್ಮಶಾನದ ಹತ್ತಿರ ಅಂಟಿಸಿ. ಡಂಗುರ ಸಾರುವವರು ಇದ್ದರೆ ಸಾರಿಸಿ. ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಜಿಲ್ಲಾ ಪಂಚಾಯಿತಿ ಸಿಇಒಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಪ್ರತಿ ಕಳಿಸಿ.

ನಿಜವಾದ ಪರೀಕ್ಷೆ ಊರಿನಲ್ಲಿ ಮುಂದಿನ ಸಾವು ಆದ ದಿನ. ಆ ದಿನಕ್ಕೆ ಈಗಲೇ ತಯಾರಿ ಬೇಕು. ಪ್ರತಿ ಕೇರಿಯಲ್ಲಿ ಇಬ್ಬರು ಹೆಂಗಸರನ್ನು ಗೊತ್ತು ಮಾಡಿ, ಆದಷ್ಟು ಅದೇ ಜಾತಿಯವರು, ಅದೇ ಬಂಧುಬಳಗದವರು. ಸುದ್ದಿ ಬಂದ ಕೂಡಲೇ ಅವರು ಹೋಗಿ ಆ ಹೆಣ್ಣುಮಗಳ ಪಕ್ಕ ಕೂರಬೇಕು, ಅಷ್ಟೇ. ಠರಾವಿನ ಹಾಳೆ ಹಿಡಿದುಕೊಂಡು ಹೋಗಬಾರದು, ಫೋಟೊ ವಿಡಿಯೊ ಬೇಡವೇ ಬೇಡ. ಯಾರಾದರೂ ಬಳೆಗೆ ಕೈ ಹಾಕಿದಾಗ 'ತಡೀರಿ, ಅವಳನ್ನು ಕೇಳೋಣ' ಎನ್ನುವ ಒಂದು ದನಿ ಅಲ್ಲಿ ಇದ್ದರೆ ಸಾಕು. ತವರಿನವರಿಗೂ ಮೊದಲೇ ವಿಷಯ ತಿಳಿಸಿ. ಬೇರೆ ಊರಿನಿಂದ ಬರುವ ಅವರಿಗೆ ನಿಮ್ಮ ಠರಾವು ಗೊತ್ತಿರುವುದಿಲ್ಲ. ಹೊಡೆತ, ಬೆದರಿಕೆ, ಮನೆಯಿಂದ ಹೊರಹಾಕುವ ಮಟ್ಟಕ್ಕೆ ಹೋದರೆ ಮಾತ್ರ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಮೊದಲ ಸಲ ನಡೆಯದೇ ಹೋಗಬಹುದು. ಆ ಮನೆಯವರನ್ನು ಊರ ಮುಂದೆ ನಿಲ್ಲಿಸಿ ಕೇಳಬೇಡಿ. ಆಕೆಗೆ ಸಿಗಬೇಕಾದ ಕಾಗದಪತ್ರದ ನೆರವು ಬಳೆ ಉಳಿದರೂ ಉಳಿಯದಿದ್ದರೂ 15 ದಿನದಲ್ಲಿ ಸಿಗಲೇಬೇಕು. ಅದನ್ನು ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಡಿ: ಮರಣ ಪ್ರಮಾಣಪತ್ರ ಯಾವಾಗ ಬಂತು, ಪಿಂಚಣಿ ಅರ್ಜಿ ಯಾವಾಗ ಹೋಯಿತು, ಖಾತೆ ಯಾರ ಹೆಸರಿಗೆ ಆಯಿತು. ಆರು ತಿಂಗಳ ನಂತರದ ಗ್ರಾಮಸಭೆಯಲ್ಲಿ ಸ್ಥಾಯಿ ಸಮಿತಿ ವರದಿ ಓದಬೇಕಲ್ಲ, ಓದದಿದ್ದರೆ ಆ ನೋಟ್‌ಬುಕ್ ಹಿಡಿದು ನೀವೇ ಎದ್ದು ಕೇಳಿ. ಹೆಸರುಗಳನ್ನು ಬಿಟ್ಟು ಎಷ್ಟು ಅರ್ಜಿ ಹೋದವು, ಎಷ್ಟು ಬಾಕಿ ಇವೆ ಎಂದಷ್ಟೇ ಓದಿ, ಅದನ್ನೂ ನಡಾವಳಿಯಲ್ಲಿ ಬರೆಸಿ.